ದೇವರ ಹೆಸರಿಲ್ಲದ ಪೀಠಿಕೆ: ಭಾರತದ ಸಂವಿಧಾನ ರಚನೆಯಲ್ಲಿ ಧರ್ಮ ಮತ್ತು ವಿವೇಚನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದ ಸಂವಿಧಾನವು ಯಾವ ದೇವರನ್ನೂ ಯಾವ ಧರ್ಮಗ್ರಂಥವನ್ನೂ ಸಾಕ್ಷಿಗೆ ಕರೆಯದೆ, ‘ಭಾರತದ ಜನತೆಯಾದ ನಾವು’ ಎಂದು ಆರಂಭವಾಗುತ್ತದೆ. ದಿನದ ಕೆಲಸವನ್ನು ದೇವರಿಗೆ ಕೈಮುಗಿದು ಶುರುಮಾಡುವ ಜನರೇ ಬಹುಸಂಖ್ಯೆಯಲ್ಲಿರುವ ದೇಶದಲ್ಲಿ, ಅದೂ ಧರ್ಮದ ಹೆಸರಿನಲ್ಲಿ ಲಕ್ಷಾಂತರ ಜನ ಸತ್ತ ವಿಭಜನೆಯ ಬೆನ್ನಿಗೇ, ಇಂಥ ದಾಖಲೆ ಹೇಗೆ ಸಿದ್ಧವಾಯಿತು ಎಂಬುದು ಹಲವರ ಪ್ರಶ್ನೆ. ಸಂವಿಧಾನ ರಚನಾ ಸಭೆಯ ಚರ್ಚೆಗಳ ಆಧಾರದ ಮೇಲೆ ಇಲ್ಲಿ ಉತ್ತರಗಳನ್ನು ಬರೆಯಲಾಗಿದೆ. ಅಭಿಪ್ರಾಯ ಹೇಳಬೇಕಾದ ಕಡೆ ಅಭಿಪ್ರಾಯವನ್ನೂ ಹೇಳಲಾಗಿದೆ.

ಪೀಠಿಕೆಯಲ್ಲಿ ದೇವರ ಹೆಸರು ಸೇರಿಸುವ ಪ್ರಯತ್ನ ನಿಜವಾಗಿಯೂ ನಡೆದಿತ್ತೇ?

ನಡೆದಿತ್ತು, ಮತಕ್ಕೂ ಹಾಕಲಾಗಿತ್ತು. 1949ರ ಅಕ್ಟೋಬರ್ 17ರಂದು, ರಾಜೇಂದ್ರ ಪ್ರಸಾದ್ ಅವರ ಅಧ್ಯಕ್ಷತೆಯಲ್ಲಿ ಸಭೆ ಪೀಠಿಕೆಯನ್ನು ಕೈಗೆತ್ತಿಕೊಂಡಾಗ, ಎಚ್.ವಿ. ಕಾಮತ್ ಅವರು ಅದರ ಆರಂಭದಲ್ಲಿ ‘ದೇವರ ಹೆಸರಿನಲ್ಲಿ’ ಎಂಬ ಮಾತನ್ನು ಸೇರಿಸಬೇಕೆಂಬ ತಿದ್ದುಪಡಿಯನ್ನು ಮಂಡಿಸಿದರು. ಕಾಮತ್ ಅವರು ಮಂಗಳೂರಿನಲ್ಲಿ ಹುಟ್ಟಿದವರು. ಬ್ರಿಟಿಷ್ ಕಾಲದ ಉನ್ನತ ನಾಗರಿಕ ಸೇವೆಯಾದ ಐಸಿಎಸ್‌ನ ಹುದ್ದೆಯನ್ನು ಬಿಟ್ಟು ಸುಭಾಷ್‌ಚಂದ್ರ ಬೋಸರ ಫಾರ್ವರ್ಡ್ ಬ್ಲಾಕ್ ಪಕ್ಷವನ್ನು ಸೇರಿದವರು. ಸಭೆಗೆ ಮಧ್ಯ ಪ್ರಾಂತ ಮತ್ತು ಬೇರಾರ್‌ನಿಂದ ಆಯ್ಕೆಯಾಗಿದ್ದರು. ಗೀತೆಯ ಸಮರ್ಪಣಭಾವವನ್ನು ನೆನೆದು, ಇಷ್ಟು ದೊಡ್ಡ ಕಾರ್ಯವನ್ನು ದೇವರಿಗೆ ಅರ್ಪಿಸಿ ಮುಗಿಸೋಣ ಎಂಬುದು ಅವರ ವಾದವಾಗಿತ್ತು. ಸಭೆಯಲ್ಲಿ ಅವರಷ್ಟು ಪಟ್ಟುಬಿಡದೆ ಮಾತನಾಡಿದ, ಸರ್ಕಾರದ ಅಧಿಕಾರವನ್ನು ಅವರಷ್ಟು ಸಂದೇಹದಿಂದ ನೋಡಿದ ಸದಸ್ಯರು ಕಡಿಮೆ. ಆದ್ದರಿಂದ ಈ ತಿದ್ದುಪಡಿಯನ್ನು ಹಿಂದಕ್ಕೆ ನೋಡುವ ಮನಸ್ಸಿನ ಕೆಲಸವೆಂದು ತಳ್ಳಿಹಾಕುವುದು ಅವರಿಗೆ ಮಾಡುವ ಅನ್ಯಾಯ.

ಕಾಮತ್ ಒಬ್ಬರೇ ಅಲ್ಲ. ಶಿಬ್ಬನ್‌ಲಾಲ್ ಸಕ್ಸೇನಾ ಅವರು ಸರ್ವಶಕ್ತನಾದ ದೇವರ ಹೆಸರಿನ ಜೊತೆಗೆ ಗಾಂಧೀಜಿಯವರ ಹೆಸರನ್ನೂ ಸೇರಿಸಬೇಕೆಂದರು. ಗೋವಿಂದ ಮಾಳವೀಯ ಅವರು, ಲೋಕದ ಬೇರೆ ಬೇರೆ ಜನ ಬೇರೆ ಬೇರೆ ಹೆಸರಿನಿಂದ ಕರೆಯುವ ‘ಪರಮೇಶ್ವರ’ನ ಕೃಪೆಯಿಂದ ಎಂಬ ಪಾಠವನ್ನು ಮುಂದಿಟ್ಟರು. ಅಸ್ಸಾಮಿನ ರೋಹಿಣಿಕುಮಾರ್ ಚೌಧರಿ ಅವರು ತಾವು ಕಾಮಾಖ್ಯೆಯನ್ನು ಪೂಜಿಸುವ ಕಾಮರೂಪದವರೆಂದು ನೆನಪಿಸಿ, ದೇವರೆಂದು ಬರೆಯುವುದಾದರೆ ದೇವಿಯೆಂದು ಏಕೆ ಬರೆಯಬಾರದು ಎಂದು ಕೇಳಿದರು. ಆ ದಿನದ ಕಷ್ಟವೆಲ್ಲ ಈ ಪ್ರಶ್ನೆಯಲ್ಲಿ ಅಡಗಿತ್ತು: ದೇವರೆಂಬ ಮಾತು ಎಲ್ಲರನ್ನೂ ಒಳಗೊಳ್ಳುತ್ತದೆ ಎಂದು ಭಾವಿಸಿದವರ ಎದುರಿಗೇ ಅದು ಒಡೆಯತೊಡಗಿತು.

ಕಾಮತ್ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳಲಿಲ್ಲ. ಕೈ ಎತ್ತಿಸಿ ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಂದವು. ಇದು ನಮ್ಮ ಇತಿಹಾಸದಲ್ಲಿ ಕರಾಳ ದಿನ, ದೇವರೇ ಭಾರತವನ್ನು ಕಾಪಾಡಲಿ ಎಂದು ಕಾಮತ್ ನೊಂದು ನುಡಿದರು.

ವಿರುದ್ಧವಾಗಿ ಮತ ಹಾಕಿದವರು ನಾಸ್ತಿಕರೇ? ಧರ್ಮದ ವಿರುದ್ಧ ವಿವೇಚನೆ ಗೆದ್ದಿತೆಂದು ಇದನ್ನು ಓದಬಹುದೇ?

ಹಾಗೆ ಓದಿದರೆ ಆ ದಿನ ನಡೆದದ್ದು ಅರ್ಥವಾಗುವುದಿಲ್ಲ. ವಿರೋಧಿಸಿ ಮಾತನಾಡಿದವರ ವಾದಗಳಲ್ಲಿ ದೇವರಿಲ್ಲ ಎಂಬ ವಾದವೇ ಕಾಣುವುದಿಲ್ಲ. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆ ಅವರು, ನಂಬುವ ಮತ್ತು ನಂಬದಿರುವ ಹಕ್ಕು ಪ್ರತಿಯೊಬ್ಬನಿಗೂ ಇರುವಾಗ ಇಂಥ ಮಾತನ್ನು ಸಂವಿಧಾನದಲ್ಲಿ ಬರೆದರೆ ಅದು ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂದರು. ಹೃದಯನಾಥ ಕುಂಜ್ರು ಅವರು, ನಮ್ಮ ಅಂತರಂಗದ ಪವಿತ್ರ ಭಾವನೆಯೊಂದನ್ನು ಚರ್ಚೆಯ ಕಣಕ್ಕೆ ಎಳೆದು ತಂದದ್ದಕ್ಕೆ ವಿಷಾದಪಟ್ಟರು. ಎಲ್ಲರಿಗೂ ಆಲೋಚನೆ, ಅಭಿವ್ಯಕ್ತಿ, ನಂಬಿಕೆ, ಶ್ರದ್ಧೆ, ಉಪಾಸನೆಗಳ ಸ್ವಾತಂತ್ರ್ಯವನ್ನು ಕೊಡುತ್ತೇವೆಂದು ಸಾರುವ ಪೀಠಿಕೆಯಲ್ಲೇ ಒಂದು ನಂಬಿಕೆಯನ್ನು ಎಲ್ಲರ ಮೇಲೂ ಹೇರುವುದು ಅದರ ಆಶಯಕ್ಕೇ ವಿರುದ್ಧವೆಂಬುದು ಅವರ ನಿಲುವು. ಪೂರ್ಣಿಮಾ ಬ್ಯಾನರ್ಜಿ ಅವರು, ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಕಾಮತ್ ಅವರನ್ನು ಕೇಳಿಕೊಂಡರು.

ಈ ಮಾತುಗಳನ್ನು ಒಟ್ಟಿಗಿಟ್ಟು ನೋಡಿದಾಗ ನಮಗೆ ಕಾಣುವುದು ಇದು. ದೇವರಿದ್ದಾನೆಯೇ ಎಂಬ ಪ್ರಶ್ನೆ ಆ ಸಭೆಯ ಮುಂದೆ ಇರಲೇ ಇಲ್ಲ. ಮುಂದಿದ್ದದ್ದು ಸಂವಿಧಾನದ ಅಧಿಕಾರ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆ. ಅದು ಜನರ ಒಪ್ಪಿಗೆಯಿಂದ ಹುಟ್ಟುತ್ತದೆ ಎಂದಾದರೆ, ಒಪ್ಪಿಗೆ ಕೇಳುವ ಮಾತು ಪ್ರತಿಯೊಬ್ಬ ಪ್ರಜೆಯೂ ತನ್ನ ನಂಬಿಕೆಯನ್ನು ಬಿಡದೆ ‘ಹೌದು’ ಎನ್ನಬಹುದಾದ ಮಾತಾಗಿರಬೇಕು. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮಾತುಗಳಿಗೆ ವೈಷ್ಣವನೂ ಮುಸಲ್ಮಾನನೂ ಜೈನನೂ ಆದಿವಾಸಿಯೂ ನಿರೀಶ್ವರವಾದಿಯೂ ಒಪ್ಪಬಹುದು, ಒಪ್ಪದಿದ್ದರೆ ಕಾರಣ ಕೊಟ್ಟು ವಾದಿಸಬಹುದು. ಆದರೆ ದೇವರ ಹೆಸರಿಗೆ ಕಾರಣ ಕೊಟ್ಟು ತಕರಾರು ಮಾಡುವವನು ಕೂಡಲೇ ಪಾಷಂಡಿಯಾಗಿಬಿಡುತ್ತಾನೆ, ಅವನ ಪೌರತ್ವವೇ ಅರೆಬರೆಯಾಗಿ ಕಾಣತೊಡಗುತ್ತದೆ. ಜೈನರು ಮತ್ತು ಬೌದ್ಧರ ಪರಂಪರೆಗಳಲ್ಲಿ ಸೃಷ್ಟಿಕರ್ತನಾದ ಈಶ್ವರನಿಗೆ ಸ್ಥಾನವೇ ಇಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಈ ನೆಲದ ಎರಡು ಪ್ರಾಚೀನ ಧರ್ಮಗಳೇ ಅಂಥ ಪೀಠಿಕೆಯ ಹೊಸ್ತಿಲಾಚೆ ನಿಲ್ಲಬೇಕಾಗುತ್ತಿತ್ತು. ದೇವಭಕ್ತರೂ ದೇವರ ಹೆಸರಿನ ವಿರುದ್ಧ ಕೈ ಎತ್ತಿದ್ದು ಈ ಕಾರಣಕ್ಕಾಗಿಯೇ ಎಂದು ನಾವು ನಂಬುತ್ತೇವೆ.

ಹಾಗಾದರೆ ಸಂವಿಧಾನದಲ್ಲಿ ಎಲ್ಲಿಯೂ ದೇವರ ಪ್ರಸ್ತಾಪವಿಲ್ಲವೇ?

ಇದೆ. ರಾಷ್ಟ್ರಪತಿಯ ಪ್ರಮಾಣವಚನವನ್ನು ಹೇಳುವ 60ನೇ ವಿಧಿಯಲ್ಲಿಯೂ, ಮಂತ್ರಿಗಳು, ಶಾಸಕರು, ನ್ಯಾಯಾಧೀಶರ ಪ್ರಮಾಣವಚನಗಳಿರುವ ಮೂರನೇ ಅನುಸೂಚಿಯಲ್ಲಿಯೂ ‘ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ’ ಎಂಬುದೂ ‘ಶ್ರದ್ಧಾಪೂರ್ವಕವಾಗಿ ದೃಢೀಕರಿಸುತ್ತೇನೆ’ ಎಂಬುದೂ ಒಂದರ ಪಕ್ಕ ಒಂದಿವೆ. ಆಯ್ಕೆ ಪ್ರಮಾಣ ಮಾಡುವವರದು. ಪೀಠಿಕೆಯಲ್ಲಿ ಬೇಡವಾದದ್ದು ಪ್ರಮಾಣವಚನದಲ್ಲಿ ಹೇಗೆ ಸರಿಯಾಯಿತು ಎಂದು ಕೇಳುವವರಿದ್ದಾರೆ. ಪ್ರಮಾಣವಚನದಲ್ಲಿ ಮಾತನಾಡುವವನು ಒಬ್ಬ ವ್ಯಕ್ತಿ, ಅವನ ಆತ್ಮಸಾಕ್ಷಿ ಅವನದು. ಪೀಠಿಕೆಯಲ್ಲಿ ಮಾತನಾಡುವವರು ಎಲ್ಲರೂ.

ನೆರೆಯ ಪಾಕಿಸ್ತಾನ ಮತ್ತು ಇತರ ದೇಶಗಳು ಇದೇ ಪ್ರಶ್ನೆಯನ್ನು ಹೇಗೆ ಬಗೆಹರಿಸಿಕೊಂಡವು?

ಜಿನ್ನಾ ಅವರು 1947ರ ಆಗಸ್ಟ್ 11ರಂದು ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ನೀವು ಯಾವ ಧರ್ಮಕ್ಕೆ ಸೇರಿದವರೆಂಬುದಕ್ಕೂ ರಾಜ್ಯದ ವ್ಯವಹಾರಕ್ಕೂ ಸಂಬಂಧವಿಲ್ಲ ಎಂದಿದ್ದರು. ಅವರು ತೀರಿಕೊಂಡ ಮೇಲೆ, 1949ರ ಮಾರ್ಚ್ 12ರಂದು ಅದೇ ಸಭೆ ಅಂಗೀಕರಿಸಿದ ಧ್ಯೇಯ ನಿರ್ಣಯವು, ಇಡೀ ವಿಶ್ವದ ಸಾರ್ವಭೌಮತ್ವ ಅಲ್ಲಾಹನೊಬ್ಬನಿಗೇ ಸೇರಿದ್ದೆಂದೂ ಜನರ ಮೂಲಕ ರಾಜ್ಯಕ್ಕೆ ಬಂದಿರುವ ಅಧಿಕಾರ ಅವನ ಮಿತಿಗಳೊಳಗೆ ನಡೆಸಬೇಕಾದ ಪವಿತ್ರ ಹೊಣೆಯೆಂದೂ ಸಾರಿತು. ಪೂರ್ವ ಬಂಗಾಳದ ಹಿಂದೂ ಸದಸ್ಯರಾದ ಶ್ರೀಶಚಂದ್ರ ಚಟ್ಟೋಪಾಧ್ಯಾಯ, ಭೂಪೇಂದ್ರಕುಮಾರ್ ದತ್ತ ಮೊದಲಾದವರು ಅದನ್ನು ವಿರೋಧಿಸಿದರು. ನಿರ್ಣಯದಲ್ಲಿ ಅಲ್ಪಸಂಖ್ಯಾತರಿಗೆ ರಕ್ಷಣೆಯ ಭರವಸೆ ಇತ್ತು. ಆದರೆ ರಕ್ಷಣೆ ಪಡೆಯುವವರು ಒಂದು ಕಡೆ, ಕೊಡುವವರು ಇನ್ನೊಂದು ಕಡೆ ಎಂದು ವಿಂಗಡಣೆಯಾದ ಮೇಲೆ ಸಮಾನ ಪೌರತ್ವ ಉಳಿಯುವುದು ಕಷ್ಟವೆಂಬುದು ಅವರ ಆತಂಕವಾಗಿತ್ತು, ಮುಂದಿನ ದಶಕಗಳು ಅದನ್ನು ನಿಜಮಾಡಿದವು. ದೆಹಲಿಯ ಸಭೆ ಪೀಠಿಕೆಯನ್ನು ಚರ್ಚಿಸಿದ್ದು ಇದಾದ ಏಳು ತಿಂಗಳಿಗೆ.

ನಮ್ಮ ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು, ಅವರೂ ಮಂಗಳೂರಿನವರೇ, 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ಅಲ್ಲಿಯ ನ್ಯಾಯಾಧೀಶರು ಮತ್ತು ರಾಜಕಾರಣಿಗಳೊಡನೆ ಮಾತನಾಡಿ ಬಂದಿದ್ದರು. 1937ರ ಐರಿಷ್ ಸಂವಿಧಾನದ ಪೀಠಿಕೆ ‘ಪರಮ ಪವಿತ್ರ ತ್ರಯೈಕ್ಯದ ಹೆಸರಿನಲ್ಲಿ’ ಎಂದು, ಅಂದರೆ ತಂದೆ, ಮಗ, ಪವಿತ್ರಾತ್ಮ ಎಂಬ ಕ್ರೈಸ್ತರ ದೇವರ ಹೆಸರಿನಲ್ಲಿ, ಆರಂಭವಾಗುತ್ತದೆ. ನಮ್ಮವರು ಅಲ್ಲಿಂದ ರಾಜ್ಯನೀತಿ ನಿರ್ದೇಶಕ ತತ್ವಗಳ ಮಾದರಿಯನ್ನು ತೆಗೆದುಕೊಂಡರು, ಆ ಆರಂಭವನ್ನು ಬಿಟ್ಟರು. ಅಮೆರಿಕದವರ 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಸೃಷ್ಟಿಕರ್ತನ ಮಾತಿದೆ. 1787ರ ಸಂವಿಧಾನದಲ್ಲಿ ದೇವರ ಹೆಸರಿನ ಮೇಲೆ ಯಾವ ಅಧಿಕಾರವೂ ನಿಂತಿಲ್ಲ, ಹುದ್ದೆಗೆ ಧರ್ಮದ ಪರೀಕ್ಷೆ ಇರಬಾರದೆಂಬ ಮಾತು ಅದರ ಆರನೇ ವಿಧಿಯಲ್ಲಿದೆ.

ಹಾಗಿದ್ದರೆ ಅಮೆರಿಕದಂತೆ ಭಾರತವೂ ಧರ್ಮ ಮತ್ತು ರಾಜ್ಯದ ನಡುವೆ ಗೋಡೆ ಕಟ್ಟಿತೇ?

ಇಲ್ಲ. ಗೋಡೆ ಕಟ್ಟುವ ಪ್ರಸ್ತಾವವನ್ನೇ ಸಭೆ ತಿರಸ್ಕರಿಸಿತು. ಭಾರತದ ರಾಜ್ಯಕ್ಕೆ ಯಾವ ಧರ್ಮ, ಪಂಥ, ಶ್ರದ್ಧೆಯೊಡನೆಯೂ ಸಂಬಂಧವಿರಕೂಡದು ಎಂಬ ಹೊಸ ವಿಧಿಯೊಂದನ್ನು ಕೆ.ಟಿ. ಶಾ ಅವರು 1948ರ ಡಿಸೆಂಬರ್‌ನಲ್ಲಿ ಮಂಡಿಸಿದರು, ಅದು ಬಿದ್ದುಹೋಯಿತು. ಬದಲಿಗೆ ಬಂದದ್ದು ಹೆಚ್ಚು ಗೋಜಲಿನ ವ್ಯವಸ್ಥೆ. 27ನೇ ವಿಧಿಯ ಪ್ರಕಾರ ಯಾವುದೇ ಒಂದು ಧರ್ಮದ ಪೋಷಣೆಗಾಗಿ ಯಾರಿಂದಲೂ ತೆರಿಗೆ ಪಡೆಯುವಂತಿಲ್ಲ. 28ನೇ ವಿಧಿಯ ಪ್ರಕಾರ ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧರ್ಮಬೋಧನೆ ಇಲ್ಲ. ಆದರೆ 1956ರಲ್ಲಿ ಸೇರಿದ 290ಎ ವಿಧಿಯ ಪ್ರಕಾರ ಕೇರಳ ಸರ್ಕಾರ ಪ್ರತಿವರ್ಷ ದೇವಸ್ಥಾನಗಳಿಗೆಂದು ಇರುವ ತಿರುವಾಂಕೂರು ದೇವಸ್ವಂ ನಿಧಿಗೆ 46 ಲಕ್ಷ 50 ಸಾವಿರ ರೂಪಾಯಿ ಕೊಡಬೇಕು. ಸಂಸ್ಥಾನಗಳ ಕಾಲದಲ್ಲಿ ದೇವಸ್ಥಾನದ ಭೂಮಿ ಸರ್ಕಾರದ ಭೂಮಿಯಲ್ಲಿ ಸೇರಿಹೋದ ಲೆಕ್ಕವನ್ನು ಒಂದೇ ತತ್ವದ ಏಟಿಗೆ ಕತ್ತರಿಸಲು ಆಗುವುದಿಲ್ಲವೆಂಬುದನ್ನು ಕಾನೂನು ಬರೆದವರು ಅರಿತಿದ್ದರು.

ಮೂಲ ಪೀಠಿಕೆಯಲ್ಲಿ ‘ಧರ್ಮನಿರಪೇಕ್ಷ’ ಎಂಬ ಪದವೇ ಇರಲಿಲ್ಲವಂತೆ. ಅಂದಮೇಲೆ ಅದು ಸ್ಥಾಪಕರ ಉದ್ದೇಶವಾಗಿರಲಿಲ್ಲ ಅಲ್ಲವೇ?

ಪದ ಇರಲಿಲ್ಲವೆಂಬುದು ನಿಜ. ಅದು ಸೇರಿದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯ ಮೂಲಕ. ವಿರೋಧ ಪಕ್ಷದ ನಾಯಕರು ಸೆರೆಮನೆಯಲ್ಲಿದ್ದಾಗ ಇಂಥ ಪದವನ್ನು ಪೀಠಿಕೆಗೆ ಸೇರಿಸಿದ ರೀತಿ ಸರಿಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಎಲ್ಲರ ಒಪ್ಪಿಗೆಯ ಮೇಲೆ ನಿಂತ ದಾಖಲೆಗೆ ಚರ್ಚೆಯ ಸ್ವಾತಂತ್ರ್ಯವಿಲ್ಲದ ದಿನಗಳಲ್ಲಿ ಕೈಹಾಕಬಾರದಿತ್ತು.

ಆದರೆ ಪದ ಇಲ್ಲದ್ದರಿಂದ ಉದ್ದೇಶವೂ ಇರಲಿಲ್ಲವೆಂದು ತೀರ್ಮಾನಿಸಲು ಬರುವುದಿಲ್ಲ. 1948ರ ನವೆಂಬರ್ 15ರಂದು ಕೆ.ಟಿ. ಶಾ ಅವರು ಒಂದನೇ ವಿಧಿಗೆ ಧರ್ಮನಿರಪೇಕ್ಷ, ಸಂಯುಕ್ತ, ಸಮಾಜವಾದಿ ಎಂಬ ಮೂರು ಪದಗಳನ್ನು ಸೇರಿಸಬೇಕೆಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಅವರ ಉತ್ತರವನ್ನು ಓದಿದರೆ ಅದು ಹೆಚ್ಚಿನಂಶ ಸಮಾಜವಾದದ ಬಗ್ಗೆ ಇದೆ: ಸಮಾಜವನ್ನು ಹೇಗೆ ಸಂಘಟಿಸಿಕೊಳ್ಳಬೇಕೆಂಬುದನ್ನು ಆಯಾ ಕಾಲದ ಜನ ನಿರ್ಧರಿಸಬೇಕು, ಸಂವಿಧಾನದಲ್ಲಿ ಕಟ್ಟಿಹಾಕಿದರೆ ಪ್ರಜಾಪ್ರಭುತ್ವವೇ ನಾಶವಾಗುತ್ತದೆ ಎಂಬುದು ಅವರ ವಾದ. ಇನ್ನೊಂದು ಕಡೆ ಒಡಿಶಾದ ಲೋಕನಾಥ ಮಿಶ್ರ ಅವರು ಡಿಸೆಂಬರ್‌ನ ಚರ್ಚೆಯಲ್ಲಿ, ಧರ್ಮನಿರಪೇಕ್ಷ ರಾಜ್ಯವೆಂಬುದು ಈ ನೆಲದ ಪ್ರಾಚೀನ ಸಂಸ್ಕೃತಿಯನ್ನು ಬದಿಗೆ ಸರಿಸುವ ಜಾರು ಮಾತು ಎಂದು ಟೀಕಿಸಿದರು. ತಾವು ಕಟ್ಟುತ್ತಿರುವ ರಾಜ್ಯ ಯಾವ ಬಗೆಯದೆಂಬುದು ಪರವಾಗಿದ್ದವರಿಗೂ ವಿರುದ್ಧವಾಗಿದ್ದವರಿಗೂ ತಿಳಿದೇ ಇತ್ತು ಎಂಬುದಕ್ಕೆ ಈ ಟೀಕೆಯೇ ಸಾಕ್ಷಿ. 42ನೇ ತಿದ್ದುಪಡಿ ಬರುವ ಮೂರು ವರ್ಷ ಮೊದಲೇ, ಕೇಶವಾನಂದ ಭಾರತಿ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅವರು ಸಂವಿಧಾನದ ಧರ್ಮನಿರಪೇಕ್ಷ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲದ ಅದರ ಮೂಲ ರಚನೆಯ ಅಂಶಗಳಲ್ಲಿ ಎಣಿಸಿದ್ದರು. ಪೀಠಿಕೆಯಿಂದ ‘ಧರ್ಮನಿರಪೇಕ್ಷ’, ‘ಸಮಾಜವಾದಿ’ ಎಂಬ ಪದಗಳನ್ನು ತೆಗೆಯಬೇಕೆಂಬ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್‌ನಲ್ಲಿ ವಜಾಮಾಡಿದೆ.

ಧಾರ್ಮಿಕ ಸ್ವಾತಂತ್ರ್ಯವನ್ನು ಮೂಲಭೂತ ಹಕ್ಕೆಂದು ಕೊಟ್ಟು, ಅದಕ್ಕೇ ಅಷ್ಟೊಂದು ಮಿತಿಗಳನ್ನು ಹಾಕಿದ್ದೇಕೆ?

ಈ ಮಿತಿಗಳ ಹಿಂದೆ ಇಬ್ಬರು ಮಹಿಳೆಯರ ದೂರದೃಷ್ಟಿ ಇದೆ, ಅದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. 1947ರಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿಯ ಕರಡಿನಲ್ಲಿ ಧರ್ಮವನ್ನು ‘ಆಚರಿಸುವ’ ಮುಕ್ತ ಹಕ್ಕೆಂದು ಬರೆದಾಗ, ರಾಜಕುಮಾರಿ ಅಮೃತ ಕೌರ್ ಮತ್ತು ಹಂಸಾ ಮೆಹ್ತಾ ಅವರು ಅದಕ್ಕೆ ತಕರಾರೆತ್ತಿದರು. ಪರದಾ, ಬಾಲ್ಯವಿವಾಹ, ದೇವದಾಸಿ ಪದ್ಧತಿ, ಸತಿ ಇವೆಲ್ಲವೂ ಧರ್ಮದ ಆಚರಣೆಯೆಂಬ ಹೆಸರಿನಲ್ಲೇ ನಡೆದು ಬಂದವು. ಆಚರಣೆಗೆ ಷರತ್ತಿಲ್ಲದ ರಕ್ಷಣೆ ಕೊಟ್ಟರೆ ಮುಂದಿನ ಸುಧಾರಣಾ ಕಾನೂನುಗಳಷ್ಟೇ ಅಲ್ಲ, ಹಿಂದೆ ಗೆದ್ದುಕೊಂಡವೂ ಬಿದ್ದುಹೋಗಬಹುದು ಎಂದು ಅವರು ಎಚ್ಚರಿಸಿದರು. ಒಬ್ಬರು ಕ್ರೈಸ್ತರು, ಇನ್ನೊಬ್ಬರು ಹಿಂದೂ. ಇಬ್ಬರೂ ತಮ್ಮ ಧರ್ಮವನ್ನು ಬಿಟ್ಟವರಲ್ಲ. ಇಂದು 25ನೇ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೂ ಇತರ ಮೂಲಭೂತ ಹಕ್ಕುಗಳಿಗೂ ಒಳಪಟ್ಟಿದೆ. ಸಮಾಜ ಕಲ್ಯಾಣ ಮತ್ತು ಸುಧಾರಣೆಗೆ ಕಾನೂನು ಮಾಡುವ ಅಧಿಕಾರವನ್ನೂ, ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳ ಬಾಗಿಲನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯುವ ಅಧಿಕಾರವನ್ನೂ ರಾಜ್ಯಕ್ಕೆ ಕೊಡುತ್ತದೆ. ಸವದತ್ತಿಯ ಗುಡ್ಡದಲ್ಲಿ ಹೆಣ್ಣುಮಕ್ಕಳನ್ನು ದೇವಿಗೆ ಬಿಡುತ್ತಿದ್ದ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯ ಮೂಲಕ ನಿಷೇಧಿಸಿದಾಗ ಅಂಥ ಕಾಯ್ದೆಗೆ ಬೇಕಾದ ನೆಲೆಯನ್ನು ಈ ಇಬ್ಬರ ಆಕ್ಷೇಪ ಮೂರೂವರೆ ದಶಕಗಳ ಹಿಂದೆಯೇ ಸಿದ್ಧಪಡಿಸಿತ್ತು.

ಇದೇ ವಿಚಾರವನ್ನು ಅಂಬೇಡ್ಕರ್ 1948ರ ಡಿಸೆಂಬರ್ 2ರಂದು ಸಭೆಯಲ್ಲಿ ಇನ್ನಷ್ಟು ಖಂಡಿತವಾಗಿ ಹೇಳಿದರು. ಈ ದೇಶದಲ್ಲಿ ಧರ್ಮದ ಕಲ್ಪನೆ ಹುಟ್ಟಿನಿಂದ ಸಾವಿನವರೆಗೆ ಬದುಕಿನ ಪ್ರತಿಯೊಂದು ಅಂಶವನ್ನೂ ಆವರಿಸುವಷ್ಟು ವಿಶಾಲವಾಗಿದೆ, ಅದೆಲ್ಲವನ್ನೂ ಉಳಿಸಿಕೊಳ್ಳಬೇಕೆಂದರೆ ಸಾಮಾಜಿಕ ವಿಷಯಗಳಲ್ಲಿ ಶಾಸನಸಭೆ ಒಂದು ಹೆಜ್ಜೆಯನ್ನೂ ಇಡಲಾಗದು. ಆದ್ದರಿಂದ ಧರ್ಮದ ವ್ಯಾಪ್ತಿಯನ್ನು ನಂಬಿಕೆಗಳಿಗೂ ನಿಜವಾಗಿ ಧಾರ್ಮಿಕವಾದ ವಿಧಿಗಳಿಗೂ ಸೀಮಿತಗೊಳಿಸಬೇಕು ಎಂಬುದು ಅವರ ಮಾತಿನ ಸಾರ. ಅದಕ್ಕೆ ಮೂರು ದಿನ ಮುಂಚೆ, ನವೆಂಬರ್ 29ರಂದು, ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸುವ ವಿಧಿಯನ್ನು ಸಭೆ ಅಂಗೀಕರಿಸಿತ್ತು. ಶಾಸ್ತ್ರದ ಬೆಂಬಲವಿದೆಯೆಂದು ಶತಮಾನಗಳ ಕಾಲ ಸಮರ್ಥಿಸಿಕೊಂಡು ಬಂದ ಆಚರಣೆಯೊಂದನ್ನು ಶಾಸ್ತ್ರದಲ್ಲಿ ಏನಿದೆ ಎಂದು ಕೇಳದೆಯೇ ಅಪರಾಧವೆಂದು ಘೋಷಿಸಿದ ಆ 17ನೇ ವಿಧಿ ಇಡೀ ಸಂವಿಧಾನದಲ್ಲಿ ಅತ್ಯಂತ ಧೀರವಾದ ವಾಕ್ಯವೆಂದು ನಮ್ಮ ಅಭಿಪ್ರಾಯ.

ಧರ್ಮಪ್ರಚಾರದ ಹಕ್ಕನ್ನು ಸೇರಿಸಿದ್ದು ಅಲ್ಪಸಂಖ್ಯಾತರ ಓಲೈಕೆಯೇ?

ಲೋಕನಾಥ ಮಿಶ್ರ ಮೊದಲಾದವರು ‘ಪ್ರಚಾರ’ ಎಂಬ ಪದವನ್ನು ತೀವ್ರವಾಗಿ ವಿರೋಧಿಸಿದರು. ಆದರೆ ಅದನ್ನು ಸಮರ್ಥಿಸಿ ಮಾತನಾಡಿದವರಲ್ಲಿ ಪಂಡಿತ ಲಕ್ಷ್ಮೀಕಾಂತ ಮೈತ್ರ, ಕೆ.ಎಂ. ಮುನ್ಷಿ, ಟಿ.ಟಿ. ಕೃಷ್ಣಮಾಚಾರಿ ಅವರಂಥ ಹಿಂದೂ ಸದಸ್ಯರೇ ಇದ್ದರು. ವಾಕ್ ಸ್ವಾತಂತ್ರ್ಯವನ್ನು ಕೊಟ್ಟ ಮೇಲೆ ತನ್ನ ಧರ್ಮದ ಪರವಾಗಿ ಮಾತನಾಡುವುದನ್ನು ತಡೆಯಲು ಹೇಗೂ ಆಗದು ಎಂಬುದು ಮುನ್ಷಿಯವರ ವಾದ. ತಾವು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ಯಾರೂ ಮತಾಂತರಕ್ಕೆ ಯತ್ನಿಸಲಿಲ್ಲವೆಂದು ಕೃಷ್ಣಮಾಚಾರಿ ಹೇಳಿದರು. 1948ರ ಡಿಸೆಂಬರ್ 6ರಂದು ಪದ ಉಳಿಯಿತು. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ.

ಧರ್ಮದ ಆಧಾರದ ಮೀಸಲು ಕ್ಷೇತ್ರಗಳನ್ನು ಕೈಬಿಟ್ಟದ್ದು ಯಾರ ತೀರ್ಮಾನ?

ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿ 1949ರ ಮೇ ತಿಂಗಳಲ್ಲಿ ಈ ಶಿಫಾರಸು ಮಾಡಿತು, ಸಭೆ ಅದೇ ತಿಂಗಳು ಚರ್ಚಿಸಿ ಒಪ್ಪಿತು. ಮುಸ್ಲಿಂ ಸದಸ್ಯರ ನಡುವೆ ಒಮ್ಮತವಿರಲಿಲ್ಲ. ಮದ್ರಾಸಿನ ಮುಹಮ್ಮದ್ ಇಸ್ಮಾಯಿಲ್ ಅವರು ಮುಸ್ಲಿಮರ ಪ್ರತಿನಿಧಿಗಳನ್ನು ಮುಸ್ಲಿಮರೇ ಆರಿಸುವ ಪ್ರತ್ಯೇಕ ಚುನಾಯಕ ವರ್ಗಗಳೇ ಉಳಿಯಬೇಕೆಂದರು. ಬೇಗಂ ಐಜಾಜ್ ರಸೂಲ್ ಅವರು, ಅಲ್ಪಸಂಖ್ಯಾತರನ್ನು ಬಹುಸಂಖ್ಯಾತರಿಂದ ಸದಾಕಾಲಕ್ಕೂ ಬೇರ್ಪಡಿಸುವ ಮೀಸಲಾತಿ ತಮ್ಮನ್ನೇ ನಾಶಮಾಡಿಕೊಳ್ಳುವ ಆಯುಧವೆಂದು ವಾದಿಸಿದರು. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ದಿನಗಳಲ್ಲಿ, ನೆರೆಹೊರೆಯವರ ನ್ಯಾಯಬುದ್ಧಿಯ ಮೇಲೆ ಭರವಸೆಯಿಟ್ಟು ಹಾಗೆ ಹೇಳಲು ಎಷ್ಟು ಧೈರ್ಯ ಬೇಕಿತ್ತೋ! ಆ ಭರವಸೆಗೆ ದೇಶ ಎಷ್ಟರಮಟ್ಟಿಗೆ ಪಾತ್ರವಾಯಿತೆಂಬುದು ಬಹುಸಂಖ್ಯಾತರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಗೋವಿನ ವಿಷಯದಲ್ಲಿ ಸಭೆ ಧರ್ಮವನ್ನು ಆರಿಸಿಕೊಂಡಿತೇ, ವಿವೇಚನೆಯನ್ನೇ?

48ನೇ ವಿಧಿಯನ್ನು ಓದಿ ನೋಡಿ. ಕೃಷಿ ಮತ್ತು ಪಶುಸಂಗೋಪನೆಯನ್ನು ‘ಆಧುನಿಕ ಮತ್ತು ವೈಜ್ಞಾನಿಕ ರೀತಿಯಲ್ಲಿ’ ಸಂಘಟಿಸಲು ರಾಜ್ಯ ಪ್ರಯತ್ನಿಸಬೇಕೆಂದು ಅದು ಶುರುವಾಗುತ್ತದೆ. ಹಸು, ಕರು, ಇತರ ಹಾಲು ಕೊಡುವ ಮತ್ತು ಗೇಯುವ ರಾಸುಗಳ ವಧೆಯನ್ನು ನಿಷೇಧಿಸುವ ಮಾತಿನೊಂದಿಗೆ ಮುಗಿಯುತ್ತದೆ. 1948ರ ನವೆಂಬರ್ 24ರಂದು ಪಂಡಿತ ಠಾಕುರ್‌ದಾಸ್ ಭಾರ್ಗವ ಅವರು ಈ ತಿದ್ದುಪಡಿಯನ್ನು ಮಂಡಿಸಿದಾಗ ಕೊಟ್ಟ ಕಾರಣಗಳು ಬಹುಮಟ್ಟಿಗೆ ಆರ್ಥಿಕವಾದವು: ಹಾಲು, ಗೊಬ್ಬರ, ಉಳುಮೆ. ಸೇಠ್ ಗೋವಿಂದದಾಸ್ ಅವರು ಸಂಸ್ಕೃತಿ ಮತ್ತು ಧರ್ಮದ ಮಾತನ್ನೂ ಸೇರಿಸಿದರು.

ಆಗ ಅಸ್ಸಾಮಿನ ಸೈಯದ್ ಮುಹಮ್ಮದ್ ಸಾದುಲ್ಲಾ ಅವರು ಎದ್ದು ಹೇಳಿದ ಮಾತು ಇಂದಿಗೂ ಉತ್ತರ ಕೇಳುತ್ತಿದೆ. ಹಿಂದೂಗಳ ಧಾರ್ಮಿಕ ಭಾವನೆಯ ಕಾರಣಕ್ಕೆ ಈ ವಿಧಿ ಬೇಕೆಂದರೆ ಹಾಗೆಂದು ನೇರವಾಗಿ ಹೇಳಿ, ನಾನು ಅಡ್ಡಬರುವುದಿಲ್ಲ. ಆರ್ಥಿಕ ಕಾರಣದ ಮರೆಯಲ್ಲಿ ಅದನ್ನು ತರಬೇಡಿ ಎಂಬುದು ಅವರ ಕೋರಿಕೆ. ಸಂಯುಕ್ತ ಪ್ರಾಂತದ ಝಡ್.ಎಚ್. ಲಾರಿ ಅವರೂ ಇಂಥದೇ ಸ್ಪಷ್ಟತೆಯನ್ನು ಬೇಡಿದರು. ಸಭೆ ಅವರಿಗೆ ಆ ಸ್ಪಷ್ಟತೆಯನ್ನು ಕೊಡಲಿಲ್ಲ, ತಿದ್ದುಪಡಿ ಅಂಗೀಕಾರವಾಯಿತು.

ಇದರ ಪರಿಣಾಮ ನ್ಯಾಯಾಲಯಗಳಲ್ಲಿ ಕಂಡಿತು. 1958ರ ಮೊಹಮ್ಮದ್ ಹನೀಫ್ ಖುರೇಷಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹಸುಗಳ ವಧೆಯ ಪೂರ್ಣ ನಿಷೇಧವನ್ನು ಎತ್ತಿಹಿಡಿದು, ಗೇಯ್ಮೆಗೆ ಬಾರದ ಎತ್ತು, ಹೋರಿ, ಎಮ್ಮೆಗಳ ವಿಷಯದಲ್ಲಿ ಮೇವಿನ ಕೊರತೆಯನ್ನು ಲೆಕ್ಕಹಾಕಿ ಪೂರ್ಣ ನಿಷೇಧ ಸಲ್ಲದೆಂದಿತು. 2005ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ, ಮುದಿ ಎತ್ತಿನ ಸೆಗಣಿ ಮತ್ತು ಗಂಜಲಕ್ಕೂ ಉಪಯೋಗವಿದೆಯೆಂಬ ನೆಲೆಯಲ್ಲಿ ಆ ನಿಲುವನ್ನು ಬದಲಿಸಿತು. ಒಂದು ಸಮುದಾಯ ಭಕ್ತಿಯಿಂದ ಪೂಜಿಸುವ ಜೀವದ ಬಗ್ಗೆ, ಇನ್ನೊಂದು ಸಮುದಾಯದ ಅನ್ನದ ಬಗ್ಗೆ, ಇಬ್ಬರೂ ಮನಸ್ಸಿನಲ್ಲಿರುವುದನ್ನು ಬಿಟ್ಟು ಮೇವು, ಸೆಗಣಿಯ ಲೆಕ್ಕ ಹೇಳಬೇಕಾದ ಸ್ಥಿತಿ ಬಂದದ್ದು ಅಂದು ಕಾರಣಗಳನ್ನು ಬೆರೆಸಿಟ್ಟದ್ದರಿಂದ. ಪೀಠಿಕೆಯ ವಿಷಯದಲ್ಲಿ ಸಭೆ ತೋರಿದ ನೇರವಂತಿಕೆಯನ್ನು ಇಲ್ಲಿ ತೋರಲಿಲ್ಲವೆಂದು ಹೇಳಲೇಬೇಕಾಗಿದೆ.

ಸಂವಿಧಾನದಲ್ಲಿ ಭಾರತೀಯ ಪರಂಪರೆಯೇ ಇಲ್ಲ, ಅದು ಪಶ್ಚಿಮದ ವಿಚಾರಗಳ ನಕಲು ಎಂಬ ಟೀಕೆ ಸರಿಯೇ?

ಈ ಟೀಕೆ ಸಭೆಯೊಳಗೇ ಕೇಳಿಬಂದಿತ್ತು. ನಮಗೆ ಬೇಕಾಗಿದ್ದದ್ದು ವೀಣೆಯ ಇಲ್ಲವೇ ಸಿತಾರಿನ ಸಂಗೀತ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂದು ವಿಷಾದಪಟ್ಟವರು ಮೈಸೂರಿನಿಂದ ಹೋಗಿದ್ದ ಕೆ. ಹನುಮಂತಯ್ಯನವರು. ಸಂಸ್ಥೆಗಳ ರಚನೆಯ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿದೆ. ಬ್ರಿಟಿಷರು ಮಾಡಿದ 1935ರ ಭಾರತ ಸರ್ಕಾರ ಕಾಯ್ದೆಯಿಂದ ಬಂದದ್ದು ಬಹಳಷ್ಟಿದೆ. ಆದರೆ ಮೌಲ್ಯಗಳ ವಿಷಯ ಬೇರೆ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ತಾವು ಫ್ರೆಂಚ್ ಕ್ರಾಂತಿಯಿಂದ ತೆಗೆದುಕೊಂಡದ್ದಲ್ಲ, ತಮ್ಮ ಗುರು ಬುದ್ಧನ ಬೋಧೆಯಿಂದ ಪಡೆದದ್ದು ಎಂದು ಅಂಬೇಡ್ಕರ್ 1954ರ ಆಕಾಶವಾಣಿ ಭಾಷಣದಲ್ಲಿ ಹೇಳಿದರು. 1949ರ ನವೆಂಬರ್ 25ರಂದು, ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ಖಚಿತವಾದ ದಾರಿ ಎಂದು ಎಚ್ಚರಿಸಿದವರೂ ಅವರೇ. ಅವರಲ್ಲಿ ಧರ್ಮಕ್ಕೂ ವಿವೇಚನೆಗೂ ಜಗಳವಿರಲಿಲ್ಲ; ಪ್ರಶ್ನಿಸಲು ಬಿಡದ ಧರ್ಮದೊಡನೆ ಅವರಿಗೆ ಜಗಳವಿತ್ತು.

ಸಂವಿಧಾನದ ಕೈಬರಹದ ಮೂಲ ಪ್ರತಿಯಲ್ಲಿ ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು ಬಿಡಿಸಿದ ಚಿತ್ರಗಳಲ್ಲಿ ರಾಮ, ಸೀತೆ, ಲಕ್ಷ್ಮಣರಿದ್ದಾರೆ. ಅರ್ಜುನನಿಗೆ ಉಪದೇಶಿಸುವ ಕೃಷ್ಣನಿದ್ದಾನೆ. ಬುದ್ಧ, ಮಹಾವೀರ, ಅಕ್ಬರ್, ಶಿವಾಜಿ, ಗುರು ಗೋವಿಂದ ಸಿಂಗ್ ಇದ್ದಾರೆ. ರಾಣಿ ಲಕ್ಷ್ಮೀಬಾಯಿಯೊಡನೆ ನಮ್ಮ ಟಿಪ್ಪು ಸುಲ್ತಾನನೂ ಇದ್ದಾನೆ. ರಾಷ್ಟ್ರಲಾಂಛನದ ‘ಸತ್ಯಮೇವ ಜಯತೇ’ ಮುಂಡಕೋಪನಿಷತ್ತಿನದು. ಆದರೆ ಚಿತ್ರಗಳು ಯಾರಿಗೂ ಆಜ್ಞೆ ಮಾಡುವುದಿಲ್ಲ. ಆಜ್ಞೆ ಮಾಡುವ ವಾಕ್ಯಗಳಲ್ಲಿ ರಚನಾಕಾರರು ಇದೇ ಔದಾರ್ಯವನ್ನು ತೋರದೆ ಬಿಗಿಯಾಗಿದ್ದದ್ದು ಸರಿಯಾಗಿತ್ತು.

ಈ ವಾದಗಳಿಗೆ ಕರ್ನಾಟಕದಲ್ಲಿ ನೇರ ಸಂಬಂಧವಿರುವ ಪ್ರಕರಣಗಳಿವೆಯೇ?

ಅಚ್ಚರಿಯಾಗುವಷ್ಟಿವೆ, ಅದರಲ್ಲೂ ಕರಾವಳಿಯವು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಮದ್ರಾಸಿನ ಧರ್ಮಾದಾಯ ಇಲಾಖೆಯ ವಿರುದ್ಧ ಹೂಡಿದ್ದ ದಾವೆಯಲ್ಲಿ, ಒಂದು ಧರ್ಮದ ಅತ್ಯಗತ್ಯ ಭಾಗ ಯಾವುದೆಂಬುದನ್ನು ಮೊದಲಿಗೆ ಆ ಧರ್ಮದ ತತ್ವಗಳಿಂದಲೇ ನಿಶ್ಚಯಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಹೇಳಿತು. ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣ ಸಮುದಾಯದ್ದು, ಆದ್ದರಿಂದ ಯಾರು ಒಳಗೆ ಬರಬೇಕೆಂಬುದು ತಮ್ಮ ಧಾರ್ಮಿಕ ವಿಷಯ ಎಂದು ಅದರ ಧರ್ಮದರ್ಶಿಗಳು ವಾದಿಸಿದ್ದರು. ಪಂಥದ ಹಕ್ಕೂ ಸರಿ, ಎಲ್ಲ ಹಿಂದೂಗಳ ಪ್ರವೇಶದ ಹಕ್ಕೂ ಸರಿ ಎಂದು ಒಪ್ಪಿದ ನ್ಯಾಯಾಲಯ, ಎರಡೂ ಎದುರಾದಾಗ ಪ್ರವೇಶದ ಹಕ್ಕೇ ಮೇಲು ಎಂದು 1957ರಲ್ಲಿ ತೀರ್ಪು ಕೊಟ್ಟು, ಕೆಲವು ವಿಶೇಷ ಸೇವೆಗಳ ಸಮಯವನ್ನು ಮಾತ್ರ ಸಮುದಾಯಕ್ಕೆ ಬಿಟ್ಟಿತು. ಪೀಠಿಕೆ ಮತ್ತು 25ನೇ ವಿಧಿಯ ಚರ್ಚೆಗಳ ಭಾವವನ್ನು ಇಷ್ಟು ನಿಷ್ಠೆಯಿಂದ ಅನುಸರಿಸಿದ ತೀರ್ಪು ಇನ್ನೊಂದಿಲ್ಲವೆಂದು ನಮಗನ್ನಿಸುತ್ತದೆ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು 1970ರಲ್ಲಿ ಕೇರಳದ ಭೂಸುಧಾರಣಾ ಕಾಯ್ದೆಯಿಂದ ಮಠದ ಜಮೀನು ಹೋಗುತ್ತದೆಂದು ಅರ್ಜಿ ಹಾಕಿದರು. ಹದಿಮೂರು ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ, ಸಂಸತ್ತು ಸಂವಿಧಾನದ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದಿತು. ಸ್ವಾಮಿಗಳಿಗೆ ಜಮೀನು ಸಿಗಲಿಲ್ಲ. ಆದರೆ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾಮಾಡಿದ್ದೂ ಸೇರಿದಂತೆ ಹಲವು ರಾಜ್ಯಗಳ ಪ್ರಕರಣಗಳನ್ನು ವಿಚಾರಿಸಿದ ಒಂಬತ್ತು ನ್ಯಾಯಾಧೀಶರು 1994ರ ಮಾರ್ಚ್ 11ರಂದು ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ರಚನೆಯ ಭಾಗವೆಂದು ಸಾರಿದಾಗ, ಅವರು ಆಧರಿಸಿದ್ದು ಆ ಮಠಾಧಿಪತಿಯ ಹೆಸರಿನ ತೀರ್ಪನ್ನೇ.